ಪಾಲಿಗೆ ಬಂದ ಅರ್ಧ ಬಸವ

ಬಸವನ ಒಳಗೆ ಇಬ್ಬರು ನಿಲ್ಲಬೇಕು. ಮುಂಗಾಲು ಶಿವಪ್ರಕಾಶನದು, ಹಿಂಗಾಲು ಅವನ ತಂಗಿಯ ಗಂಡ ಸಾಗರನದು. ಸಾಂಟಾ ಕ್ಲಾರಾದ ಕಾವೇರಿ ಬಯಲು ಬಳಗದಲ್ಲಿ ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಮೊದಲನೆಯ ಸಂಕ್ರಾಂತಿಗೆ ಹಾಗೆ ನಿಂತರು, ಆಮೇಲೆ ಅದೇ ನಡೆದುಕೊಂಡು ಬಂತು.

ಬಸವನನ್ನು ಮಾಡಿದವರು ಸಾಗರನ ತಂದೆ ಜಯರಾಮ್. ಬಿದಿರು ದಬ್ಬೆಯನ್ನು ಬಾಗಿಸಿ ಪಕ್ಕೆಲುಬು ಮಾಡಿ, ಮೇಲೆ ಬಿಳಿ ಕಂಬಳಿ ಹೊದಿಸಿ ಹೊಲಿದಿದ್ದರು. ತಲೆಗೆ ಹಳೆಯ ಪೇಪರು ನೆನೆಹಾಕಿ ಮೆಂತ್ಯದ ಜೊತೆ ರುಬ್ಬಿ ಮೆತ್ತಿದ್ದರು. ಆ ತಿಂಗಳೆಲ್ಲ ಅವರ ಗ್ಯಾರೇಜು ಮೆಂತ್ಯದ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಕೊನೆಗೆ ನೋಡಿದರೆ ಬಸವ ಯಾವ ಕಾರಿಗೂ ಹಿಡಿಸಲಿಲ್ಲ. ಬೇಸರಪಟ್ಟುಕೊಂಡೇ ನಡುಮಧ್ಯೆ ಕತ್ತರಿಸಿ, ದೊಡ್ಡ ದೊಡ್ಡ ಗುಂಡಿಗಳನ್ನು ಹಾಕಿ, ಬೇಕಾದಾಗ ಜೋಡಿಸುವಂತೆ ಮಾಡಿದರು. ಬಾಲ ಮಾತ್ರ ನಂಜಮ್ಮನದು. ಶಿವಪ್ರಕಾಶನ ತಾಯಿ ನಂಜಮ್ಮ ಹಿಂದೊಮ್ಮೆ ಮದ್ದೂರಿನ ಹತ್ತಿರದ ಹಳ್ಳಿಯಿಂದ ಬಂದಿದ್ದಾಗ ಕಪ್ಪು ಉಣ್ಣೆಯನ್ನು ಜಡೆ ಹೆಣೆದು, ಒಂದು ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿಕೊಟ್ಟಿದ್ದಳು.

ಶಿವಪ್ರಕಾಶ ಮುಂದೆ ನಿಲ್ಲುತ್ತಿದ್ದುದಕ್ಕೆ ಕಾರಣವಿತ್ತು. ಅವನು ಎತ್ತಿನ ಜೊತೆ ಬೆಳೆದವನು. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ ಎತ್ತು ಬೆಂಕಿಯ ಮುಂದೆ ಹೇಗೆ ನಿಲ್ಲುತ್ತದೆ, ಹೇಗೆ ಮೂತಿ ಚಾಚಿ ಮೂಸುತ್ತದೆ, ಹೇಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಆಮೇಲೆ ಮನಸ್ಸು ಮಾಡುತ್ತದೆ ಎಂಬುದು ಅವನ ಮೈಗೆ ಗೊತ್ತಿತ್ತು. ಸಾಗರ ಚಿಕ್ಕವನಿದ್ದಾಗಲೇ ಅಮೆರಿಕಕ್ಕೆ ಬಂದವನು. ಅವನು ಎತ್ತನ್ನು ನೋಡಿದ್ದು ರಜೆಯಲ್ಲಿ ಊರಿಗೆ ಹೋದಾಗ, ಕಾರಿನ ಕಿಟಕಿಯಿಂದ.

ಬಳಗದಲ್ಲಿ ಹನ್ನೆರಡು ಮನೆಗಳಿದ್ದವು. ಮಂಡ್ಯ, ಹಾಸನ, ಬೆಂಗಳೂರು ಗ್ರಾಮಾಂತರ, ಹೀಗೆ. ಜಯರಾಮ್ ಇದ್ದಷ್ಟು ದಿನ ಸಂಕ್ರಾಂತಿ ಅದ್ದೂರಿಯಾಗಿ ನಡೆಯಿತು; ಅದ್ದೂರಿಯ ಭಾರ ಹನ್ನೆರಡು ಮನೆಯ ಹೆಗಲ ಮೇಲಿತ್ತು. ಪ್ರತಿ ಮನೆಯವರೂ ಎರಡು ಸೇರು ಅವರೆಕಾಳನ್ನು ನೆನೆಹಾಕಿ, ಒಂದೊಂದೇ ಕಾಳಿನ ಸಿಪ್ಪೆ ಹಿತುಕಿ, ಬೇಳೆ ಮಾಡಿ ತರಬೇಕು. ಸೇರು ಎಂದರೆ ಅವರು ಊರಿನಿಂದ ತಂದಿದ್ದ ಹಿತ್ತಾಳೆಯ ಸೇರೇ; ಅದರಲ್ಲಿ ಅಳೆದು ನೋಡುತ್ತಿದ್ದರು. ತಡವಾಗಿ ಬಂದವರನ್ನು ಹೆಂಡತಿ ಮಕ್ಕಳ ಮುಂದೆಯೇ ಬೈಯುತ್ತಿದ್ದರು. ಜನ ಗೊಣಗಿಕೊಂಡು ಹಿತುಕುತ್ತಿದ್ದರು, ಉಂಡಾದ ಮೇಲೆ ಗೊಣಗಾಟ ಮರೆಯುತ್ತಿದ್ದರು.

ಜಯರಾಮ್ ತೀರಿಕೊಂಡರು. ಆ ವರ್ಷ ಹಬ್ಬ ಮಾಡಲಿಲ್ಲ. ವರ್ಷದ ತಿಥಿ ಮುಗಿದ ಮೇಲೆ, ದೀಪಾವಳಿ ಕಳೆದು, ಹನ್ನೆರಡು ಮನೆಯವರೂ ಸಾಗರನ ಗ್ಯಾರೇಜಿನಲ್ಲಿ ಮಡಿಸುವ ಕುರ್ಚಿಗಳನ್ನು ಹಾಕಿಕೊಂಡು ಸೇರಿದರು. ಮುಂದಾಳು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅಪ್ಪನ ಮಗ ಎದುರಿಗೆ ಕೂತಿದ್ದ, ಹಿತ್ತಾಳೆಯ ಸೇರು ಅವನ ಪಕ್ಕದಲ್ಲಿತ್ತು.

ಎಲ್ಲರ ಪರವಾಗಿ ಶಿವಪ್ರಕಾಶ ಎದ್ದು ನಿಂತ. ಜಯರಾಮ್ ಕಾಲದಲ್ಲಿ ಕೆಲಸ ಹಂಚುತ್ತಿದ್ದವನು, ಯಾರು ಹಂಡೆ ಎತ್ತಬೇಕು, ಯಾರು ಕಬ್ಬು ಕೊಯ್ಯಬೇಕು ಎಂದು ಹೇಳುತ್ತಿದ್ದವನು ಅವನೇ.

"ನೋಡು ಸಾಗರ್, ಮಾವ ದೊಡ್ಡೋರು, ಹೇಳಿದ್ರು ಅಂತ ಮಾಡ್ಕೊಂಡ್ ಬಂದ್ವಿ. ಈಗ ಎಲ್ಲರಿಗೂ ಆಫೀಸಲ್ಲಿ ಕುತ್ತಿಗೆ ಮಟ್ಟ ಕೆಲ್ಸ. ಒಸಿ ಹೊರೆ ಇಳ್ಸಪ್ಪ. ಹಿತಕಿದ್ ಅವರೆ ಪ್ಯಾಕೆಟ್ಟಲ್ಲೇ ಸಿಗುತ್ತೆ, ಎಲ್ ಕಮೀನೋ ರೋಡಿನ ಅಂಗಡೀಲಿ. ಅಷ್ಟು ಮಾಡು, ನೀನು ಹೇಳ್ದಂಗೆ ಕೇಳ್ಕೊಂಡಿರ್ತೀವಿ."

"ಮುಂದಿನ್ ವಾರ ಹೇಳ್ತೀನಿ ಭಾವ," ಎಂದ ಸಾಗರ.

ಆ ವಾರದಲ್ಲಿ ಅವನು ಇಬ್ಬರನ್ನು ಕೇಳಿದ. ಮೊದಲು ಕೇಳಿದ್ದು ಬಳಗದ ಹಿರಿಯ ವಿರುಪಾಕ್ಷಪ್ಪನವರನ್ನು. ಅವರು ಹಾಸನದಲ್ಲಿ ದನದ ಡಾಕ್ಟರಾಗಿದ್ದವರು, ಈಗ ಸಾಂಟಾ ಕ್ಲಾರಾದಲ್ಲಿ ಮಗಳ ಮನೆಯಲ್ಲಿದ್ದರು.

"ಹೂಂ ಅನ್ನಪ್ಪ, ಏನ್ ಗಂಟ್ ಹೋಗುತ್ತೆ?" ಎಂದರು ಅವರು. "ಹಗ್ಗ ಒಂಚೂರು ಸಡ್ಲ ಬಿಟ್ರೆ ದನ ಎಲ್ಲೂ ಹೋಗಲ್ಲ. ಅಲ್ಲೇ ಮೇಯ್ಕೊಂಡಿರುತ್ತೆ."

ಆಮೇಲೆ ಕೇಳಿದ್ದು ಬ್ಯಾಡ್ಮಿಂಟನ್ ಗೆಳೆಯ ಪ್ರದ್ಯುಮ್ನನನ್ನು. ಪ್ರದ್ಯುಮ್ನ ಬೆಂಗಳೂರಿನವನು, ಬಳಗದವನಲ್ಲ, ಅವರೆಕಾಳಿನ ಬಗ್ಗೆ ಅವನಿಗಿದ್ದ ತಿಳಿವಳಿಕೆ ತಟ್ಟೆಯಿಂದ ಈಚೆಗಿನದು.

"ಫಸ್ಟ್ ಮೀಟಿಂಗಲ್ಲೇ ಬಗ್ಗಿದ್ರೆ ನೀನು ಮುಗ್ದೆ ಮಗಾ," ಎಂದ ಪ್ರದ್ಯುಮ್ನ. "ಕಮ್ಮಿ ಮಾಡು ಅಂದ್ರಾ? ಜಾಸ್ತಿ ಮಾಡು. ಲೀಡರ್‌ಶಿಪ್ಪು ಅಂದ್ರೆ ಅದು."

ಸಾಗರನಿಗೆ ಎರಡನೆಯ ಮಾತು ರುಚಿಸಿತು. ಶನಿವಾರ ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಹೊರಗಿದ್ದ ಹೆಂಡತಿ ಭಾವನಾ ಕೇಳಿಸಿಕೊಂಡು, ಏನೋ ತಮಾಷೆ ನಾಟಕ ಇರಬೇಕೆಂದು ನಕ್ಕಳು.

ಮರುದಿನ ಗ್ಯಾರೇಜಿನಲ್ಲಿ ಅವನು ಹೇಳಿದ: "ಅಪ್ಪ ಎರಡು ಸೇರು ಕೇಳ್ತಿದ್ರು. ನಾನು ನಾಲ್ಕು ಕೇಳ್ತೀನಿ. ಅಪ್ಪ ಲೇಟಾಗಿ ಬಂದೋರನ್ನ ಬೈತಿದ್ರು. ನಾನು ಬೈಯಲ್ಲ, ಹಂಡೆ ತೊಳಿಸ್ತೀನಿ."

ಮೂಲೆಯಲ್ಲಿದ್ದ ಶ್ರೀಕಂಠ ಎದ್ದು ತನ್ನ ಕುರ್ಚಿಯನ್ನು ಪಟ್ಟೆಂದು ಮಡಿಸಿದ. ಅವನ ಹಿಂದೆ ಇನ್ನೊಂದು, ಮತ್ತೊಂದು. ಗ್ಯಾರೇಜಿನ ತುಂಬ ಕುರ್ಚಿ ಮಡಿಸುವ ಸದ್ದು.

"ಜಯರಾಮ್ ಮಾವನ ಮನೇಲಿ ನಮಗೇನು ಪಾಲಿದೆ? ನಡೀರಪ್ಪ ನಿಮ್ನಿಮ್ಮ ಮನೆಗೆ," ಎಂದ ಶಿವಪ್ರಕಾಶ. "ನಿನ್ನ ಬಸವನ್ನ ನೀನೇ ಕುಣಿಸ್ಕೊ ಸಾಗರ್."

ಹತ್ತು ಮನೆಯವರು ಹೊರಟರು. ಉಳಿದದ್ದು ಸಾಗರನ ಮನೆ ಮತ್ತು ವಿರುಪಾಕ್ಷಪ್ಪನವರ ಮನೆ. ಅವರು ಉಳಿದದ್ದು ನಿಷ್ಠೆಯಿಂದಲೋ, ಅವರನ್ನು ಕಾರಿನಲ್ಲಿ ಕರೆದುಕೊಂಡು ಬಂದಿದ್ದವನು ಸಾಗರನೇ ಆದ್ದರಿಂದಲೋ ಹೇಳುವುದು ಕಷ್ಟ.

ನಂಜಮ್ಮ ಆಗ ಡ್ಯಾನ್‌ವಿಲ್‌ನಲ್ಲಿ ಮಗನ ಮನೆಯಲ್ಲಿದ್ದಳು. ಜನವರಿ ಮುಗಿಯುವುದರೊಳಗೆ ಊರಿಗೆ ಹೊರಡಬೇಕಿತ್ತು. ಅಲ್ಲಿ ಕಿರಿಯ ಸೊಸೆಯ ಹೆರಿಗೆ, ಎರಡು ಕರೆಯುವ ಹಸು. ಹೊರಡುವ ಮೊದಲು ಮಗನೂ ಅಳಿಯನೂ ಒಂದು ಸಾಲಿನಲ್ಲಿ ಕೂತು ಉಣ್ಣುವುದನ್ನು ನೋಡಬೇಕು, ಅಷ್ಟೇ ಅವಳ ಆಸೆ. ಭಾವನಾಳಿಗೆ ತವರಿನ ಎಳ್ಳು ಹೋಗಬೇಕು, ಅದನ್ನು ಅಣ್ಣನಾದವನು ಕೊಂಡೊಯ್ಯಬೇಕು. ಶಿವಪ್ರಕಾಶ ಫೆಡೆಕ್ಸಿನಲ್ಲಿ ಕಳಿಸೋಣ ಎಂದ. ನಂಜಮ್ಮ ಅವನ ಮುಖವನ್ನೇ ನೋಡಿದಳು; ಅವನು ಎದ್ದು ಮೀಟಿಂಗಿದೆ ಎಂದು ಒಳಗೆ ಹೋದ.

ಕ್ರಿಸ್‌ಮಸ್ ರಜೆಗೆ ಮುಂಚಿನ ಒಂದು ಸಂಜೆ ನಂಜಮ್ಮ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಅವರೆ ಹಿತುಕುತ್ತಿದ್ದಳು. ಪ್ಯಾಕೆಟ್ಟಿನ ಬೇಳೆಯ ಪರವಾಗಿ ಬಂಡೆದ್ದವನ ಮನೆಯಲ್ಲೇ ಕಾಳು ಹಿತುಕುವುದು ನಿಂತಿರಲಿಲ್ಲ. ನಂಜಮ್ಮನಿಗೆ ಪ್ಯಾಕೆಟ್ಟಿನದು ಸಬ್ಬಕ್ಕಿಯಂತೆ ಕಾಣುತ್ತಿತ್ತು. ಎದುರಿಗೆ ಮೊಮ್ಮಗಳು ನಿಸರ್ಗಾ, ಆರನೆಯ ಕ್ಲಾಸು, ಒಂದು ಕಾಳು ಹಿತುಕಿ ಎರಡು ಸಾಲು ಓದುತ್ತಿದ್ದಳು. ಶಾಲೆಯಲ್ಲಿ ಪ್ರಾಚೀನ ಇಸ್ರೇಲಿನ ಮೇಲೆ ಪ್ರಾಜೆಕ್ಟು ಕೊಟ್ಟಿದ್ದರು.

"ಅದೇನು ಓದ್ತಿದ್ದೀ ಮಗಾ, ಜೋರಾಗಿ ಹೇಳು. ಕೈ ಆಡುತ್ತೆ, ಕಿವಿ ಸುಮ್ನೆ ಕೂತದೆ."

ನಿಸರ್ಗಾ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಶುರು ಮಾಡಿದಳು. "ಒಬ್ಬ ಕಿಂಗ್ ಇದ್ದ ಅಜ್ಜಿ, ಸಾಲೊಮನ್. ವೆರಿ ರಿಚ್. ಬಿಗ್ ಟೆಂಪಲ್ ಕಟ್ಟಿದ. ಬಟ್ ಎಲ್ಲರ ಹತ್ರ ತುಂಬ ಕೆಲಸ ಮಾಡಿಸ್ತಿದ್ದ. ಟ್ವೆಲ್ವ್ ಟ್ರೈಬ್ಸ್."

"ಹನ್ನೆರಡಾ?"

"ಟ್ವೆಲ್ವ್. ಆಮೇಲೆ ಅವನು ಡೈಡ್. ಅವನ ಸನ್ ಕಿಂಗ್ ಆದ. ಆಗ ಎಲ್ಲರೂ ಬಂದು ಹೇಳಿದ್ರು, ಪ್ಲೀಸ್ ವರ್ಕ್ ಕಮ್ಮಿ ಮಾಡು ಅಂತ. ಅವರ ಜೊತೆ ಒಬ್ಬ ಇದ್ದ. ಮುಂಚೆ ಸಾಲೊಮನ್‌ಗೆ ವರ್ಕರ್ಸ್‌ನ ನೋಡ್ಕೋತಿದ್ನಲ್ಲ, ಅವನು."

"ಮೇಸ್ತ್ರಿ."

"ಯಾ. ಸನ್ ಏನ್ ಮಾಡಿದ ಅಂದ್ರೆ, ಓಲ್ಡ್ ಪೀಪಲ್‌ನ ಕೇಳಿದ. ಅವರು, ಬಿ ನೈಸ್ ಅಂದ್ರು. ಫ್ರೆಂಡ್ಸ್‌ನ ಕೇಳಿದ. ಫ್ರೆಂಡ್ಸ್, ಡೋಂಟ್ ಬಿ ನೈಸ್ ಅಂದ್ರು."

ನಂಜಮ್ಮನ ಕೈ ನಿಂತಿತು. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಏ ಕೂಸೇ, ನಮ್ಮನೆ ಇಚಾರಾನ ನೀನು ಸ್ಕೂಲಲ್ಲಿ ಯಾಕೆ ಹೇಳೋಕೋದೆ? ನಿಮ್ಮತ್ತೆ ಮಾವನ ಮರ್ಯಾದೆ ಏನಾಗ್ಬೇಕು?"

"ಅಜ್ಜಿ! ದಿಸ್ ಈಸ್ ಲೈಕ್ ಮೂರು ಸಾವಿರ ವರ್ಷ ಹಿಂದೆ!"

ಪುಸ್ತಕ ತೋರಿಸಿ, ಗಡ್ಡದವರ ಚಿತ್ರ ತೋರಿಸಿ ನಂಬಿಸಬೇಕಾಯಿತು. ನಂಜಮ್ಮ ಚಿತ್ರವನ್ನು ಹತ್ತಿರ ಹಿಡಿದು ನೋಡಿ, ಗಡ್ಡವೊಂದು ಬಿಟ್ಟರೆ ಸಾಗರನೇ ಎಂದಳು.

"ಆಮೇಲೆ ಆ ಸನ್ ಹೇಳಿದ, ನನ್ನ ಕಿರುಬೆರಳು ನಮ್ಮಪ್ಪನ ಸೊಂಟಕ್ಕಿಂತ ದಪ್ಪ ಅಂತ. ಅಪ್ಪ ನಿಮಗೆ ಚಾಟಿಯಲ್ಲಿ ಹೊಡೆದ, ನಾನು ಸ್ಕಾರ್ಪಿಯನ್‌ನಲ್ಲಿ ಹೊಡೀತೀನಿ ಅಂತ."

"ಅದೇನದು?"

ನಿಸರ್ಗಾ ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದಳು.

"ಚೇಳಾ? ಚೇಳು ಇಟ್ಕೊಂಡು ಎಂಗ್ ಹೊಡ್ದಾನು? ಮೊದ್ಲು ಅವನ ಕೈಗೇ ಕುಟುಕ್ತದಲ್ಲ. ಬುದ್ಧಿ ಇಲ್ದೋನು." ನಂಜಮ್ಮ ನಾಲ್ಕು ಕಾಳು ಹಿತುಕಿದಳು. "ಆಮ್ಯಾಕೆ?"

"ಟೆನ್ ಟ್ರೈಬ್ಸ್ ಹೊರಟೋದ್ರು. ಟೂ ಉಳಿದ್ರು. ಒಬ್ಬ ಸ್ವಾಮಿ ಥರದವನು ಮುಂಚೇನೇ ಮೇಸ್ತ್ರಿಗೆ ಹೇಳಿದ್ನಂತೆ. ತನ್ನ ಹೊಸ ಬಟ್ಟೆ ಹರಿದು ಹನ್ನೆರಡು ಪೀಸ್ ಮಾಡಿ, ಹತ್ತು ಅವನಿಗೆ ಕೊಟ್ಟ."

"ಹೊಸಾ ಬಟ್ಟೆನಾ!"

"ಹೊಸದು. ಆಮೇಲೆ ಆ ಮೇಸ್ತ್ರಿಗೆ ಭಯ. ತನ್ನ ಜನ ಹಬ್ಬಕ್ಕೆ ಹಳೆ ಟೆಂಪಲ್‌ಗೆ ಹೋದ್ರೆ ಮತ್ತೆ ಆ ಕಡೆ ಸೇರ್ಕೋತಾರೆ ಅಂತ. ಸೋ ಎರಡು ಚಿನ್ನದ ಕರು ಮಾಡಿಸಿ ಎರಡು ಊರಲ್ಲಿ ಇಟ್ಟ. ಅಲ್ಲಿ ಹೋಗ್ಬೇಡಿ, ಇದೇ ನಿಮ್ಮ ದೇವರು ಅಂದ. ಗಾಡ್‌ಗೆ ತುಂಬ ಕೋಪ ಬಂತು."

"ಬಸವಣ್ಣನ್ ಮಾಡುದ್ರೆ ಕ್ವಾಪ ಯಾಕೆ?" ಎಂದಳು ನಂಜಮ್ಮ. ಅದು ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವಳಿಗೆ ಬೇಕಾಗಿದ್ದುದು ಬೇರೆ. "ಅದಿರ್ಲಿ. ಆಮೇಲೆ ಒಂದಾದ್ರಾ?"

"ನೋ."

"ಎಂದೂ?"

"ನೆವರ್. ಹತ್ತು ಟ್ರೈಬ್ಸ್‌ನ ಅಸ್ಸೀರಿಯಾದವರು ಬಂದು ಎತ್ಕೊಂಡ್ ಹೋದ್ರು. ಲಾಸ್ಟ್. ಅವರು ಎಲ್ಲಿ ಹೋದ್ರು ಅಂತ್ಲೇ ಗೊತ್ತಿಲ್ಲ. ಆಮೇಲೆ ಉಳಿದ ಎರಡನ್ನ ಬ್ಯಾಬಿಲೋನ್‌ನವರು."

ನಂಜಮ್ಮ ಸಿಪ್ಪೆಯ ರಾಶಿಯನ್ನು ಒಂದು ಕಡೆ ಒತ್ತಿ, ಬೇಳೆಯ ಪಾತ್ರೆಗೆ ತಟ್ಟೆ ಮುಚ್ಚಿದಳು.

"ಪಾಲು ಮಾಡೋದು ಗೊತ್ತಿಲ್ಲ ಅವರಿಗೆ," ಎಂದಳು ಕೊನೆಗೆ. "ನಮ್ಮ ಮಾವ ಮಲ್ಲಪ್ಪ ಅಂತ ಇದ್ರು. ನಿಮ್ಮ ತಾತನಿಗೂ ಅವರಣ್ಣನಿಗೂ ಒಬ್ರ ಮುಖ ಒಬ್ರು ಕಂಡ್ರಾಗ್ತಿರ್ಲಿಲ್ಲ. ಪಾಲು ಆಗ್ಲೇಬೇಕು ಅಂದ್ರು. ಮಾವ ಹೊಲ ಹಂಚುದ್ರು, ಪಾತ್ರೆ ಹಂಚುದ್ರು. ಒಂದು ಜೊತೆ ಎತ್ತಿದ್ವು. ಇವನಿಗೊಂದು ಅವನಿಗೊಂದು ಕೊಟ್ರು. ಇಬ್ರೂ ಕುಣುದ್ರು, ಒಂಟಿ ಎತ್ತು ಕಟ್ಕೊಂಡು ಏನ್ಮಾಡದು ಅಂತ. ಮಾವ ಮಾತೇ ಆಡ್ಲಿಲ್ಲ. ಮುಂಗಾರು ಬಿತ್ತು. ಉಳಬೇಕಲ್ಲ? ಒಂದಿನ ಬೆಳಿಗ್ಗೆ ನಿಮ್ಮ ತಾತ ಅಣ್ಣನ ಬಾಗಿಲಿಗೋಗಿ, ಮುಖ ಆ ಕಡೆ ತಿರುಗಿಸ್ಕೊಂಡು, 'ಎತ್ತು ಬುಡು' ಅಂದ್ರು. ಸಾಯೋಗಂಟ ಹಂಗೇ ಮುಖ ತಿರುಗಿಸ್ಕೊಂಡೇ ಕೂಡಿ ಉತ್ತರು."

ನಿಸರ್ಗಾ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಳು.

ಇತ್ತ ಹೊರಟುಹೋದ ಹತ್ತು ಮನೆಯವರು ಸೇರಿ ಕಟ್ಟಿದ ಶಿವಪ್ರಕಾಶನ ಹೊಸ ಬಳಗಕ್ಕೆ ಹೆಸರು ಬಂತು, ಟೀ ಶರ್ಟು ಬಂತು. ಆದರೆ ಕಿಚ್ಚು ಹಾಯುವ ಬಸವ ಸಾಂಟಾ ಕ್ಲಾರಾದ ಗ್ಯಾರೇಜಿನಲ್ಲಿತ್ತು. ಮಕ್ಕಳು ಬಸವನನ್ನು ನೋಡಬೇಕೆಂದು ಹಟ ಹಿಡಿದು ಅಲ್ಲಿಗೆ ಹೋದರೆ, ಹಿಂದೆಯೇ ಅಪ್ಪ ಅಮ್ಮಂದಿರೂ ಹೋಗುತ್ತಾರೆ ಎಂಬ ಚಿಂತೆ ಅವನಿಗೆ. ಒಂದು ಭಾನುವಾರ ದೊಡ್ಡ ಡಬ್ಬಿ ಹೊತ್ತು ತಂದ. ಹ್ಯಾಲೊವೀನಿಗೆ ಮಾರಾಟವಾಗದೆ ಉಳಿದು ಅರ್ಧ ಬೆಲೆಗೆ ಬಿದ್ದಿದ್ದ ವೇಷ. ಇಬ್ಬರು ಒಳಗೆ ನಿಲ್ಲುವಂಥದ್ದು. ಶ್ರೀಕಂಠನನ್ನು ಕರೆಸಿ, ಇಬ್ಬರೂ ಹಾಕಿಕೊಂಡು ಹಾಲಿನಲ್ಲಿ ನಿಂತರು. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಕಣ್ಣಿಗೆ ಉದ್ದನೆಯ ರೆಪ್ಪೆ. ಹೊಟ್ಟೆಯ ಕೆಳಗೆ ಗುಲಾಬಿ ಬಣ್ಣದ ರಬ್ಬರಿನ ಕೆಚ್ಚಲು ತೂಗಾಡುತ್ತಿತ್ತು.

"ಎಂಗದೆ ಅವ್ವ?" ಎಂದಿತು ಒಳಗಿನಿಂದ.

ನಂಜಮ್ಮ ಸುತ್ತ ಒಂದು ಸಲ ಬಂದು ನೋಡಿದಳು. "ಇದು ಬಸವ ಅಲ್ಲ ಕಣಪ್ಪ, ಹಸ. ಅದೂ ಸೀಮೆ ಹಸ. ಹೊತ್ತಿಗೆ ಎಷ್ಟು ಹಾಲು ಕೊಟ್ಟದು ಅಂತ ಕೇಳ್ದಾ ಅಂಗಡಿಯೋನ?"

ನಿಸರ್ಗಾ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಶಿವಪ್ರಕಾಶನ ಹೆಂಡತಿ ಮೈಥಿಲಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಕೆಚ್ಚಲನ್ನು ಕತ್ತರಿಸೋಣವೆಂದು ಶ್ರೀಕಂಠ ಹೇಳಿದ; ಕತ್ತರಿಸಿದರೆ ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಶಿವಪ್ರಕಾಶ ಬೇಡವೆಂದ.

ಅಂದು ಮಧ್ಯಾಹ್ನ ನಂಜಮ್ಮ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗಳಿಗೆ ಫೋನು ಮಾಡಿಸಿದಳು. "ಬೆಂಕಿ ಹಾಕೋಕೆ ಜಾಗ ಎಲ್ಲಿ ಹಿಡಿದಿದ್ದೀರಾ ಭಾವನಾ?"

ಎವರ್‌ಗ್ರೀನ್‌ನ ಬೆಟ್ಟದ ಬುಡದಲ್ಲಿ ಬಳಗ ಯಾವಾಗಲೂ ಹೋಗುತ್ತಿದ್ದ ಪಾರ್ಕೇ. ಪಾರ್ಕಿನ ಬುಕಿಂಗು ಎರಡೂ ಮನೆಗಳಲ್ಲಿ ಹೆಂಗಸರ ಕೆಲಸ. ಗಂಡಸರು ಆ ದಿನ ಫೋನಿನಲ್ಲಿ ದಾರಿ ನೋಡಿಕೊಂಡು ಬಂದು ಇಳಿಯುತ್ತಿದ್ದರು, ಅಷ್ಟೇ. ಮೈಥಿಲಿ ಅದೇ ಶನಿವಾರಕ್ಕೆ, ಅದೇ ಪಾರ್ಕಿನಲ್ಲಿ, ಭಾವನಾ ಹಿಡಿದ ಟೇಬಲುಗಳ ಪಕ್ಕದ ಟೇಬಲುಗಳನ್ನು ಹಿಡಿದಳು. ಎರಡಕ್ಕೂ ಸೇರಿ ಬೆಂಕಿಗೆ ಒಂದೇ ಗುಂಡಿ. ಅದನ್ನು ಮೂವರೂ ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿಯ ಶನಿವಾರ ಮಧ್ಯಾಹ್ನದ ಮೇಲೆ ಬೆಟ್ಟ ಹಸಿರಾಗಿತ್ತು. ಮೊದಲು ಬಂದದ್ದು ಸಾಗರ. ಎರಡು ಮನೆಯ ಜನಕ್ಕೆ ಹನ್ನೆರಡು ಮನೆಯ ಹಂಡೆ. ಹಿಂದೆಯೇ ಡ್ಯಾನ್‌ವಿಲ್‌ನಿಂದಲೂ ಎವರ್‌ಗ್ರೀನ್‌ನಿಂದಲೂ ಕಾರುಗಳು ಸಾಲಾಗಿ ಬಂದವು. ಶಿವಪ್ರಕಾಶ ಇಳಿದು, ಸಾಗರನನ್ನು ನೋಡಿ, ಹೆಂಡತಿಯ ಕಡೆ ತಿರುಗಿದ.

"ಇದೇ ಪಾರ್ಕಾ?"

"ಬೆಂಕಿ ಹಾಕೋಕೆ ಬಿಡೋದು ಇಲ್ಲೇ ಅಂತೆ ರೀ," ಎಂದಳು ಮೈಥಿಲಿ. ಆ ಕಡೆ ಭಾವನಾಳೂ ಗಂಡನಿಗೆ ಅದನ್ನೇ ಹೇಳುತ್ತಿದ್ದಳು.

ಎರಡು ಬಳಗದವರೂ ಬೆನ್ನಿಗೆ ಬೆನ್ನು ಹಾಕಿ ಕೂತರು. ಮಕ್ಕಳು ಮಾತ್ರ ಕಬ್ಬಿನ ಜಲ್ಲೆ ಹಿಡಿದು ಎರಡೂ ಕಡೆ ಓಡಾಡುತ್ತ, ಎರಡೂ ಕಡೆ ಎಳ್ಳು ತಿನ್ನುತ್ತಿದ್ದರು. ಪಾರ್ಕಿನ ಕಾವಲುಗಾರ ಬಂದು, ನೀರಿನ ಬಕೆಟ್ಟು ಇದೆಯೇ ನೋಡಿ, ಕೆಚ್ಚಲಿನ ಹಸುವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ ಹೋದ. ಗುಂಡಿಯ ಅಂಚಿಗೆ ಒಂದು ಗೇಣೆತ್ತರದ ಕಬ್ಬಿಣದ ಬಳೆಯಿತ್ತು. ಮೊಲಕ್ಕೆ ಹಾಕುವ ಒಣಹುಲ್ಲನ್ನು ಅಂಗಡಿಯಿಂದ ತಂದಿದ್ದರು. ನಂಜಮ್ಮ ತಾನೇ ಒಂದು ಹಿಡಿ ಹಾಕಿ, ಕರ್ಪೂರ ಹಚ್ಚಿದಳು.

ಈ ಕಡೆಯಿಂದ ಸೀಮೆ ಹಸು ಎದ್ದಿತು. ಆ ಕಡೆಯಿಂದ ಬಸವ. ಬಸವನ ಹಿಂಗಾಲು ಎಂದಿನಂತೆ ಸಾಗರ. ಮುಂಗಾಲಿಗೆ ಬೇರೆ ಯಾರೂ ಸಿಗದೆ ಪ್ರದ್ಯುಮ್ನನನ್ನು ಕರೆತಂದಿದ್ದ. ಬಸವನ ತಲೆ ಎಷ್ಟು ಭಾರವೆಂದು ಪ್ರದ್ಯುಮ್ನನಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ಹೆಜ್ಜೆಗೆ ಅದು ಅವನ ಮುಖದ ಮೇಲೆ ಕುಸಿಯಿತು. ಕಣ್ಣಿನ ತೂತು ಹೊಟ್ಟೆಯ ಹತ್ತಿರ ಬಂತು.

"ಸಾಗರ್, ಏನೂ ಕಾಣ್ತಿಲ್ಲ ಮಗಾ!"

"ಸ್ಟ್ರೈಟ್ ಹೋಗು!"

"ಸ್ಟ್ರೈಟ್ ಅಂದ್ರೆ ಯಾವ ಕಡೆ?"

ಬಸವ ಬೆಂಕಿಯನ್ನು ಬಲಕ್ಕೆ ಬಿಟ್ಟು, ವಿರುಪಾಕ್ಷಪ್ಪನವರ ಕುರ್ಚಿಯನ್ನು ಬೀಳಿಸಿ, ಪಾರ್ಕಿನ ಕೆಳಗಿನ ಹಳ್ಳದ ಕಡೆಗೆ ಇಳಿಯತೊಡಗಿತು.

ಹಸುವಿನ ಒಳಗಿನಿಂದ ಶಿವಪ್ರಕಾಶ ಅದನ್ನು ನೋಡಿದ. ಎತ್ತು ದಾರಿ ತಪ್ಪುವುದನ್ನು ನೋಡಿ ಸುಮ್ಮನೆ ನಿಲ್ಲುವುದು ಅವನ ಮೈಗೆ ಬರುವುದಿಲ್ಲ. "ಹೋ ಹೋ ಹೋ!" ಎಂದು ಓಡಿದ. ಹಿಂಗಾಲಿನ ಶ್ರೀಕಂಠ ಏನೂ ತಿಳಿಯದೆ, ಸ್ವಲ್ಪ ದೂರ ಎಳೆಸಿಕೊಂಡು ಹೋಗಿ, ಕೆಚ್ಚಲಿನ ಸಮೇತ ಹುಲ್ಲಿನ ಮೇಲೆ ಕೂತುಬಿಟ್ಟ. ಶಿವಪ್ರಕಾಶ ಹಸುವನ್ನು ಬನಿಯನ್ನಿನಂತೆ ತಲೆಯ ಮೇಲಿಂದ ಕಿತ್ತೆಸೆದು, ಬಸವನ ಕೊಂಬು ಹಿಡಿದು ನಿಲ್ಲಿಸಿ, ಪ್ರದ್ಯುಮ್ನನನ್ನು ರಟ್ಟೆ ಹಿಡಿದು ಹೊರಗೆಳೆದು, ತಾನು ಒಳಗೆ ತೂರಿದ.

ಒಳಗೆ ಕತ್ತಲು, ಹಳೆಯ ಕಂಬಳಿಯ ವಾಸನೆ. ಸಾಗರನಿಗೆ ಬಗ್ಗಿಕೊಂಡಿದ್ದ ಕಡೆಯೇ ಮುಂದಿನ ಬೆನ್ನು ಅಗಲವಾದದ್ದು ಗೊತ್ತಾಯಿತು.

"ಭಾವ?"

"ಎಡಗಾಲೆತ್ತು."

"ನಿಮ್ಮನ್ನ ಯಾರು ಕರ್ದಿದ್ದು?"

"ನಿನ್ನ ಬಸವ ಹಳ್ಳಕ್ಕೆ ಬೀಳ್ತಿತ್ತು. ನೋಡ್ಕೊಂಡ್ ನಿಲ್ಲೋಕೆ ನಾನೇನ್ ಕಟುಕನಾ? ಎಡಗಾಲು ಅಂದೆ."

ಬಸವ ತಿರುಗಿ ಬೆಂಕಿಯ ಕಡೆ ಬಂತು. ಅದರ ಕೊರಳ ಗೆಜ್ಜೆ ಸರಿಯಾಗಿ ಮೊಳಗಿತು. ಜನ ಎರಡೂ ಕಡೆಯಿಂದ ಎದ್ದು ಸುತ್ತ ನಿಂತರು. ಆದರೆ ಬಸವ ಬೆಂಕಿ ಹಾಯಲಿಲ್ಲ, ಸುತ್ತ ಸುತ್ತತೊಡಗಿತು. ಒಳಗಿನಿಂದ ಮಾತು ಕೇಳುತ್ತಿತ್ತು.

"ನಾಲ್ಕು ಸೇರಂತೆ! ಜನಕ್ಕೆ ಬೇರೆ ಕೆಲ್ಸ ಇಲ್ವಾ?"

"ಅದನ್ನ ತಮಾಷೆ ಅನ್ಕೋಬಹುದಿತ್ತಲ್ವಾ?"

"ನಿನ್ನ ಮುಖದಲ್ಲಿ ತಮಾಷೆ ಎಲ್ಲಿತ್ತು?"

"ನನ್ನ ಮುಖ ನೀವು ಯಾವತ್ತು ನೋಡಿದೀರಾ ಭಾವ? ವರ್ಷಾ ವರ್ಷಾ ನಾನು ನಿಮ್ಮ ಬೆನ್ನು ನೋಡ್ಕೊಂಡ್ ಬಂದಿದೀನಿ. ಎಲ್ಲಾ ಫೋಟೋದಲ್ಲೂ 'ಶಿವಪ್ರಕಾಶ್ ಅವರ ಬಸವ'. ಅಪ್ಪಾನೂ ಹಂಗೇ ಅಂತಿದ್ರು. ನಾನ್ಯಾರು? ಬಾಲಾನಾ?"

ಬಸವ ನಿಂತಿತು. ವಿರುಪಾಕ್ಷಪ್ಪನವರು ಕುರ್ಚಿಯನ್ನು ಸರಿಮಾಡಿಕೊಂಡು ಕೂತು, "ಎತ್ತಿಗೆ ಹೊಟ್ಟೆ ಉಬ್ಬರ ಇದ್ದಂಗದೆ. ಒಳಗೆ ಭಾರಿ ಸದ್ದು," ಎಂದರು. ಹನ್ನೆರಡು ಮನೆಯವರೂ ಒಟ್ಟಿಗೆ ನಕ್ಕರು; ನಕ್ಕಮೇಲೆ, ಒಟ್ಟಿಗೆ ನಕ್ಕೆವಲ್ಲ ಎಂದು ಕೆಲವರು ಮುಖ ಬಿಗಿದುಕೊಂಡರು.

"ತಲೆ ಹೊತ್ತು ನೋಡು, ಗೊತ್ತಾಗುತ್ತೆ," ಎಂದಿತು ಬಸವನ ಮುಂಭಾಗ, ಸ್ವಲ್ಪ ಮೆತ್ತಗೆ. "ಸಂಕ್ರಾಂತಿ ಆದ್ಮೇಲೆ ವಾರ ಕುತ್ತಿಗೆ ತಿರುಗ್ಸಕ್ಕಾಗಲ್ಲ."

"ಹೊರ್ತೀನಿ. ಮುಂದಿನ್ ವರ್ಷ ನಾನು ಮುಂದೆ."

"ಹೊರು. ಎರಡು ಸೇರು, ಅದ್ರಲ್ಲಿ ಅರ್ಧ ಪ್ಯಾಕೆಟ್ಟು."

"ಪ್ಯಾಕೆಟ್ಟು ಒಂದೇ ಒಂದು ಪಾವು."

"ಕಾಳು ಹಿತುಕೋರು ನಾವು!" ಎಂದು ಹೊರಗಿನಿಂದ ಮೈಥಿಲಿ ಕೂಗಿದಳು. "ಲೆಕ್ಕ ನೀವ್ ಹಾಕ್ತೀರಾ? ಮುಂದಿನ್ ವರ್ಷದಿಂದ ಬಸವನೇ ಹಿತುಕ್ಲಿ!"

"ನಾಲ್ಕು ಕಾಲಿದೆ, ಬೇಗ ಮುಗಿಯುತ್ತೆ," ಎಂದಳು ಭಾವನಾ.

"ಬೆಂಕಿ ಆರ್ತದೆ, ಹಾರ್ರಪ್ಪಾ!" ಎಂದಳು ನಂಜಮ್ಮ.

ಬಸವ ಮೂತಿ ಚಾಚಿ ಮೂಸಿತು, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು, ಹಾರಿತು. ಎರಡು ವರ್ಷದಿಂದ ಮಡಿಸಿಟ್ಟಿದ್ದ ಕಂಬಳಿ. ನಡುವಿನ ಗುಂಡಿಗಳು ಪಟಪಟನೆ ಹಾರಿಹೋದವು. ಮುಂಭಾಗ ಬೆಂಕಿಯ ಆ ಕಡೆ ಇಳಿದು ಗೆಜ್ಜೆ ಆಡಿಸಿಕೊಂಡು ನಿಂತಿತು. ಹಿಂಭಾಗ ಈ ಕಡೆಯೇ ಉಳಿಯಿತು. ಹೊಗೆಯ ನಡುವೆ ಸಾಗರ ಬಗ್ಗಿದ್ದವನು ನೆಟ್ಟಗಾಗಿ, ಮೊದಲ ಸಲ ಸಂಕ್ರಾಂತಿಯ ಬೆಂಕಿಯನ್ನು ಎದುರಿನಿಂದ ನೋಡಿದ. ಜನವೆಲ್ಲ ಅವನ ಮುಖ ನೋಡುತ್ತಿದ್ದರು. "ಹಾರೋ ಸಾಗರ್ ಮಾಮ!" ಎಂದು ಮಕ್ಕಳು ಕಿರುಚಿದರು. ಹಿಂಗಾಲೆರಡೂ ಒಂಟಿಯಾಗಿ, ಬಾಲ ಬೀಸಿಕೊಂಡು, ಬೆಂಕಿ ಹಾರಿದವು. ಆಗ ಬಿದ್ದಂಥ ಚಪ್ಪಾಳೆ ಬಸವನಿಗೆ ಎಂದೂ ಬಿದ್ದಿರಲಿಲ್ಲ.

ಊಟಕ್ಕೆ ಒಂದೇ ಸಾಲು ಹಾಕಿದವಳು ನಂಜಮ್ಮ. ಎಳ್ಳಿನ ಪೊಟ್ಟಣವನ್ನು ಅಣ್ಣನ ಕೈಯಿಂದ ತಂಗಿಗೆ ಕೊಡಿಸಿ, ಮಗನನ್ನೂ ಅಳಿಯನನ್ನೂ ಅಕ್ಕಪಕ್ಕ ಕೂರಿಸಿ, ಇಬ್ಬರಿಗೂ ತಾನೇ ಹಿತಕಿದ ಬೇಳೆ ಸಾರು ಬಡಿಸಿದಳು. ಇಬ್ಬರೂ ಮುಖ ನೋಡಿಕೊಳ್ಳದೆ ಎರಡೆರಡು ಸಲ ಹಾಕಿಸಿಕೊಂಡರು. ಆದರೆ ಬಳಗ ಒಂದಾಗಲಿ ಎಂದು ಯಾರೋ ಅಂದಾಗ ಶಿವಪ್ರಕಾಶ ಟೀ ಶರ್ಟಿನ ಮಾತು ತೆಗೆದ. ಸಾಗರ ಹಿತ್ತಾಳೆಯ ಸೇರಿನ ಮಾತು ತೆಗೆದ. ದನಿ ಮತ್ತೆ ಏರಿತು.

"ಬ್ಯಾಡ, ಒಂದಾಗ್ಬೇಡಿ," ಎಂದಳು ನಂಜಮ್ಮ. "ಪಾಲೇ ಆಗ್ಲಿ. ನೆಟ್ಟಗೆ ಆಗ್ಲಿ. ಬಸವ ಹೆಂಗೂ ಎರಡಾಗದೆ. ತಲೆ ಕಡೇದು ಡ್ಯಾನ್‌ವಿಲ್‌ಗೆ. ಹಿಂದ್ಲುದು ನಿಮ್ಮನೆಗೆ ಅಳಿಯಂದ್ರೆ. ಯಾರಿಗೆ ಬೇಕೋ ಅವರು ಹಬ್ಬ ಮಾಡ್ಕೊಳಿ."

"ಅರ್ಧ ಇಟ್ಕೊಂಡು ಏನ್ ಮಾಡೋದತ್ತೆ?" ಎಂದ ಸಾಗರ.

"ಅದು ನಂಗೊತ್ತಿಲ್ಲ. ನಾನು ಊರಿಗೋಗೋಳು."

ನಿಸರ್ಗಾ ಅಜ್ಜಿಯ ಸೆರಗು ಜಗ್ಗಿದಳು. "ಅಜ್ಜಿ, ಆ ಕಿಂಗ್ ಸಾಲೊಮನ್ ಕೂಡ ಹೀಗೇ ಮಾಡಿದ್ದ. ಇಬ್ಬರು ಆಂಟೀಸ್ ಒಂದು ಬೇಬಿಗೆ ಜಗಳ ಆಡ್ತಿದ್ರು. ಕಟ್ ಮಾಡಿ ಅರ್ಧ ಅರ್ಧ ಕೊಡಿ ಅಂದ."

"ಅಯ್ಯಯ್ಯೋ! ಕೊಟ್ಬುಟ್ನಾ?"

"ನೋ ನೋ, ಅದು ಟ್ರಿಕ್."

"ಅಷ್ಟು ಗೊತ್ತಿದ್ದೋನು ಮಗನಿಗೆ ಒಸಿ ಹೇಳ್ಕೊಟ್ಟು ಸಾಯ್ಬೇಕಿತ್ತು," ಎಂದಳು ನಂಜಮ್ಮ, ಎಲೆ ಮಡಿಸುತ್ತ.

ಹಿಂತಿರುಗುವಾಗ ಬಸವನ ತಲೆ ಶಿವಪ್ರಕಾಶನ ಪಕ್ಕದ ಸೀಟಿನಲ್ಲಿತ್ತು. ಸೀಟ್ ಬೆಲ್ಟು ಹಾಕದಿದ್ದರೆ ಕಾರು ಕುಯ್‌ಗುಡುತ್ತಿದ್ದುದರಿಂದ ಅದಕ್ಕೂ ಬೆಲ್ಟು ಹಾಕಿದ್ದರು. ಫ್ರೀವೇಯಲ್ಲಿ ಪಕ್ಕದ ಕಾರಿನವರು ನೋಡಿ ಕೈ ಬೀಸಿದರು. ಶಿವಪ್ರಕಾಶ ಬಸವನ ಪರವಾಗಿ ತಲೆಯಾಡಿಸಿದ. ಹಿಂದೆ ಮೈಥಿಲಿ, ನಿಸರ್ಗಾ, ಅವರ ನಡುವೆ ಶಾಲು ಹೊದ್ದ ನಂಜಮ್ಮ.

ಮನೆ ಹತ್ತಿರವಾಗುತ್ತಿದ್ದಂತೆ ಫೋನು ಬಂತು. ಕಾರಿನ ತುಂಬ ಸಾಗರನ ದನಿ.

"ಭಾವ, ಬಾಲ ಕಾಣ್ತಿಲ್ಲ. ಗ್ಯಾರೇಜಲ್ಲಿ ಇಳಿಸ್ವಾಗ ನೋಡ್ದೆ. ನಿಮ್ಮ ಅರ್ಧದಲ್ಲೇನಾದ್ರೂ ಬಂದಿದೆಯಾ?"

"ನನ್ನದು ತಲೆ ಕಣಯ್ಯ. ತಲೇಲಿ ಬಾಲ ಯಾಕಿರುತ್ತೆ? ಬೆಂಕೀಲಿ ಬಿತ್ತೇನೋ."

"ಇಲ್ಲ, ಹಾರಿದ್ಮೇಲೂ ಇತ್ತು. ನಾನೇ ನೋಡ್ದೆ. ಬಾಲ ಇಲ್ದೆ ಮುಂದಿನ್ ವರ್ಷ ನೀವು ಹೆಂಗೆ ಹಿಂದೆ ನಿಲ್ತೀರಾ?"

ಶಿವಪ್ರಕಾಶ ಪಕ್ಕದ ಸೀಟಿನ ತಲೆಯನ್ನೊಮ್ಮೆ ನೋಡಿದ. "ಸರಿ, ಹುಡುಕ್ತೀನಿ. ಸಿಕ್ಕುದ್ರೆ ನಾಳೆ ತಂದ್ಕೊಡ್ತೀನಿ. ಇಲ್ಲಾಂದ್ರೆ ನೀನೇ ಬಾ, ಕಾರೆಲ್ಲ ಒಂದ್ಸಲ ಇಬ್ರೂ ಹುಡುಕನ."

"ತಿಂಡಿಗೇ ಬರ್ತೀನಿ," ಎಂದ ಸಾಗರ.

ನಿಸರ್ಗಾ ಅಜ್ಜಿಯ ಶಾಲಿನ ಅಂಚಿನಿಂದ ಇಣುಕುತ್ತಿದ್ದ ಕಪ್ಪು ಉಣ್ಣೆಯನ್ನು ನೋಡಿದಳು. ಬಾಯಿ ತೆರೆದಳು. ನಂಜಮ್ಮ ಅವಳ ತೊಡೆಯನ್ನು, ಅವರೆಕಾಳು ಹಿತುಕುವ ಹಾಗೆ, ಮೆಲ್ಲಗೆ ಒಂದು ಸಲ ಹಿತುಕಿದಳು.